ಎಡಗಾಲಿನ ಪಾಲು

ಬೂದಿಯ ಕ್ಲಚ್ಚು ಹೋಗಿದೆ ಎಂದು ಮೊದಲು ಗೊತ್ತಾದದ್ದು ಅಕ್ಕನ ಮೂಗಿಗೆ.

ನೀರಿನ ಟ್ಯಾಂಕಿನ ಹತ್ತಿರದ ಏರು. ಮೂರನೇ ಗೇರಿನಲ್ಲಿದ್ದಳು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಇಡೀ ಬೀದಿಗೆ ಕೇಳುವಂತೆ ಕೂಗಿಕೊಂಡಿತೇ ಹೊರತು ಕಾರು ಹೆಜ್ಜೆ ಚುರುಕು ಮಾಡಲಿಲ್ಲ. ಹಿಂದೆಯೇ ವಾಸನೆ ಬಂತು, ಹಳೆಯ ಗೋಣಿಚೀಲ ಸುಟ್ಟಂಥದ್ದು. ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸು ಅವಳು. ಪಟ್ಟಿ ಬಿಚ್ಚುವ ಮೊದಲೇ ಒಳಗಿನ ಸಮಾಚಾರ ಅವಳ ಮೂಗಿಗೆ ತಿಳಿಯುತ್ತದೆ. ಕಿಟಕಿ ಇಳಿಸಿದಳು. "ನಿನಗೂ ಹುಣ್ಣಾಯ್ತೇನೋ?" ಎಂದು ಡ್ಯಾಶ್‌ಬೋರ್ಡ್ ತಟ್ಟಿ, ಗೇರು ಇಳಿಸಿ, ತೆವಳಿಸಿಕೊಂಡೇ ಏರು ಹತ್ತಿಸಿದಳು.

ಬೂದಿ ಎಂದರೆ ಕಾರು. ಬಣ್ಣ ಬೂದಿ, ಹೆಸರೂ ಅದೇ. ಅಪ್ಪ ಬಿಟ್ಟುಹೋದದ್ದು. ಅಕ್ಕ ತಮ್ಮ ಇಬ್ಬರಲ್ಲಿ ಯಾರಿಗೆ ಎಂದು ಅಪ್ಪ ಹೇಳಿರಲಿಲ್ಲ; ಆಸ್ಪತ್ರೆಯ ಹಾಸಿಗೆಯಿಂದ "ಜಗಳ ಆಡ್ಬೇಡಿ, ಎಂಜಿನ್ ಆಯಿಲ್ ಮರೀಬೇಡಿ" ಎಂದಷ್ಟೇ ಹೇಳಿದ್ದ. ಆಯಿಲ್ ಮರೆಯಲಿಲ್ಲ. ವಾರವೆಲ್ಲ ಕಾರು ಅಕ್ಕನ ಕೈಯಲ್ಲಿ. ಹಿಂದಿನ ಸೀಟಿನಲ್ಲಿ ಹತ್ತಿ, ಬ್ಯಾಂಡೇಜು, ರೋಗಿಗಳನ್ನು ತೂಗುವ ಚಪ್ಪಟೆ ತಕ್ಕಡಿ. ಭಾನುವಾರ ತಮ್ಮನ ಕೈಯಲ್ಲಿ; ಅದೇ ಸೀಟಿನಲ್ಲಿ ಜ್ಯಾಕು, ಸ್ಪಾನರು, ಹೆಲ್ಮೆಟ್ಟು.

ವಿಮಾನಗಳು ಬರುವುದನ್ನು ಬಿಟ್ಟ ಹಳೆಯ ರನ್‌ವೇ ಒಂದಿದೆ ಊರಾಚೆ. ಅಲ್ಲಿ ಭಾನುವಾರ ಎರಡೆರಡು ಕಾರು ಪಕ್ಕಪಕ್ಕ ನಿಂತು, ಹಸಿರು ದೀಪ ಹತ್ತಿದೊಡನೆ ನೆಟ್ಟಗೆ ಕಾಲು ಮೈಲಿ ಓಡುತ್ತವೆ. ತಿರುವಿಲ್ಲ, ಸುತ್ತಿಲ್ಲ, ನೋಡಲು ಹೋದವನು ಸೀನಿದರೆ ಅರ್ಧ ರೇಸು ಹೋಯಿತು. ವಾರವೆಲ್ಲ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತು ಒಂದೇ ಅಳತೆಯ ಲೋಹದ ಬಳೆ ಕಡೆಯುವ ತಮ್ಮನಿಗೆ ಆ ಕಾಲು ಮೈಲಿಯಲ್ಲಿ ಬೇರೆಯೇ ಹೆಸರು: ಗಾಳಿ. ಕಾರ್ಖಾನೆಯಲ್ಲಿ ಅವನನ್ನು "ಏಯ್" ಎಂದು ಕರೆಯುತ್ತಾರೆ. ಅಕ್ಕನಿಗೆ ಇದು ಗೊತ್ತಿತ್ತು. ಅದಕ್ಕೇ ಅವನು ಎಂಜಿನ್ನಿಗೆ ಟರ್ಬೊ ಕೂರಿಸಿದಾಗ ಬೇಡ ಎನ್ನಲಿಲ್ಲ. ಏರು ಹತ್ತುವುದು ಸಲೀಸಾಯಿತು ಎಂದು ಖುಷಿಯನ್ನೂ ಪಟ್ಟಿದ್ದಳು. ಆದರೆ ಎಂಜಿನ್ನಿನ ಬಲ ಹೆಚ್ಚಿದ ಮೇಲೆ ಆ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ಚು ಹಳೆಯದೇ ಉಳಿದಿತ್ತು. ಅದು ಈಗ ಕೈಯೆತ್ತಿತ್ತು.

"ಕ್ಲಚ್ ಜಾರ್ತಿದೆ ಕಣೋ" ಎಂದು ಸಂಜೆ ಹೇಳಿದಾಗ ತಮ್ಮ ಮುಖ ಸಪ್ಪಗೆ ಮಾಡಿಕೊಳ್ಳಲು ಬಹಳ ಕಷ್ಟಪಟ್ಟ.

"ಅಯ್ಯೋ, ಹೌದಾ?"

"ಹಲ್ಲು ಕಾಣಿಸ್ತಿದೆ. ಬಾಯಿ ಮುಚ್ಚು."

"ಬದಲಾಯಿಸ್ಲೇಬೇಕಲ್ಲಕ್ಕಾ. ಬದಲಾಯಿಸೋದೇ ಆದ್ರೆ ಒಂದು ಒಳ್ಳೇದು…"

"ಗೊತ್ತು ಗೊತ್ತು. ನಡಿ, ನಾನೂ ಬರ್ತೀನಿ."

ಬರುತ್ತೇನೆ ಎಂದದ್ದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಕೆಳಗೆ ಒಬ್ಬ ರೋಗಿಯ ಮನೆಯ ಒದ್ದೆ ಮೆಟ್ಟಿಲಲ್ಲಿ ಜಾರಿ ಅವಳ ಎಡಮಂಡಿ ಒಡೆದಿತ್ತು. ಸ್ಕ್ರೂ ಹಾಕಿ ಕೂಡಿಸಿದ್ದರು. ಸರಿಹೋಯಿತು ಎಂದು ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ನಂಬಿದ್ದರು. ಹೋದ ಮಳೆಗಾಲದಿಂದ ಮಂಡಿ ಮತ್ತೆ ಊದತೊಡಗಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಈ ಕಾಲಿಗೆ ಇನ್ನು ಭಾರ ಹೆಚ್ಚಿಸ್ಬೇಡಿ. ಈಗಿರೋದನ್ನ ಉಳಿಸ್ಕೊಳ್ಳಿ" ಎಂದಿದ್ದರು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಕೆಲಸಕ್ಕಿದ್ದ ಕ್ಲಿನಿಕ್ಕಿನ ಮೇಡಂಗೆ ಸಣ್ಣ ಅನುಮಾನ ಬಂದು, "ವಯಸ್ಸಾಯ್ತಲ್ಲ ಸಿಸ್ಟರ್, ಕೌಂಟರಲ್ಲಿ ಕೂತು ಟೋಕನ್ ಕೊಡಿ, ಆರಾಮ" ಎಂದಿದ್ದರು. ಆರಾಮ ಎಂಬ ಮಾತಿಗೆ ಅವಳ ಮೈ ಉರಿದಿತ್ತು. ಅವಳಿಗೆ ಗಾಯ ಬೇಕು, ಗಾಯದ ಹಿಂದಿನ ಮನೆ ಬೇಕು, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಕಾರಿನೊಳಗೆ ಒಬ್ಬಳೇ ಕೂತು ತನ್ನಷ್ಟಕ್ಕೆ ಬಯ್ದುಕೊಳ್ಳುವ ಆ ಹತ್ತು ನಿಮಿಷ ಬೇಕು. ಕ್ಲಚ್ ಒತ್ತಲಾಗದ ದಿನ ಇವೆಲ್ಲ ಮುಗಿದು, ಉಳಿಯುವುದು ಗಾಜಿನ ಹಿಂದಿನ ಟೋಕನ್ನು.

ಮೇಸ್ತ್ರಿಯ ಶೆಡ್ಡಿನಲ್ಲಿ ಎರಡು ಕಾರುಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಈ ಮೇಸ್ತ್ರಿ ಕ್ಲಚ್ಚಿಗೇ ಹೆಸರಾದವನು. ಕಾರಿನ ಸಮಾಚಾರವೆಲ್ಲ ಕೇಳದೆ ಕ್ಲಚ್ಚಿನ ಡಬ್ಬ ಬಿಚ್ಚುವುದಿಲ್ಲ ಎಂಬುದು ಅವನ ಹೆಮ್ಮೆ. ಅಕ್ಕನಿಗೆ ಒಂದು ಹಳೇ ಟಯರಿನ ಮೇಲೆ ಬಟ್ಟೆ ಹಾಸಿ ಕೂರಿಸಿ, ಟೀ ತರಿಸಿ, ತಮ್ಮನನ್ನು ವಿಚಾರಣೆಗೆ ನಿಲ್ಲಿಸಿದ.

"ಪವರ್ ಎಷ್ಟಾಗಿದೆ ಈಗ?"

"ಮೊದಲಿದ್ದದ್ದರ ಒಂದೂವರೆ ಪಟ್ಟು."

"ಟಯರು?"

"ಮಾಮೂಲಿ ರೋಡ್ ಟಯರು. ರೇಸ್ ಟಯರ್ ಮುಂದೆ ನೋಡೋಣ."

"ಕಾರಿನ ತೂಕ ಇಳಿಸಿದೀಯಾ?"

"ಹಿಂದಿನ ಸೀಟು ತೆಗೀತೀನಿ ಅಂದೆ. ಅಕ್ಕ ಕಣ್ಣು ಬಿಟ್ಟಳು."

"ಹಸಿರು ಬಿದ್ದಾಗ ಕ್ಲಚ್ ಹೇಗೆ ಬಿಡ್ತೀಯ? ನಿಧಾನಕ್ಕೋ, ಪಟ್ಟಂತಲೋ?"

"ಪಟ್ಟಂತ."

"ಅದಕ್ಕೇ ಈ ಗತಿ" ಎಂದು ಮೇಸ್ತ್ರಿ ಬೆಂಚಿನ ಮೇಲೆ ಮೂರು ಕ್ಲಚ್ಚು ಇಟ್ಟ. ಮೊದಲನೆಯದು ಕಂಪನಿಯಿಂದ ಬಂದಂಥದ್ದೇ. ಅದನ್ನು ಬೆರಳಿನಿಂದ ದೂರ ಸರಿಸಿದ. "ಇದು ಹಾಕಿದ್ರೆ ಆರು ತಿಂಗಳಿಗೆ ಮತ್ತೆ ಇಲ್ಲೇ ಟೀ ಕುಡೀತಿರ್ತೀರಿ." ಎರಡನೆಯದು ಪೂರ್ತಿ ದುಂಡಗಿನ ಪ್ಲೇಟು, ಸುತ್ತಲೂ ಉಜ್ಜಿ ಹಿಡಿಯುವ ಕಂದು ಲೈನಿಂಗು, ನಡುವೆ ಏಟು ತಡೆಯಲು ಸಣ್ಣ ಸ್ಪ್ರಿಂಗುಗಳು, ಅದನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟು ಹಳೆಯದಕ್ಕಿಂತ ತುಸು ಬಿಗಿ. ಮೂರನೆಯದರಲ್ಲಿ ಲೈನಿಂಗೇ ಇಲ್ಲ. ಸುತ್ತ ಆರು ಲೋಹದ ಬಿಲ್ಲೆ, ಹೂವಿನ ಎಸಳಿನಂತೆ. ನೋಡಲು ಚಂದ. ತಮ್ಮನ ಕೈ ತಾನಾಗಿ ಅತ್ತ ಹೋಯಿತು.

"ಇದಕ್ಕೆ ಎರಡೇ ಮಾತು ಗೊತ್ತು, ಹೂಂ ಮತ್ತೆ ಊಹೂಂ. ಮಧ್ಯೆ ಏನೂ ಇಲ್ಲ. ನಮ್ಮ ಮಾವನ ಥರ" ಎಂದ ಮೇಸ್ತ್ರಿ. "ಇದರ ಪ್ರೆಶರ್ ಪ್ಲೇಟೂ ಗಟ್ಟಿ. ಕಚ್ಚಿತು ಅಂದ್ರೆ ಕಚ್ಚಿತು."

"ಇದೇ ಇರಲಿ."

"ಆದರೆ ಯಾವುದೇ ಹಾಕು, ಮೊದಲು ಪಳಗಿಸ್ಬೇಕು. ಪೇಟೆ ಟ್ರಾಫಿಕ್ಕಲ್ಲಿ ನಿಲ್ಲಿಸಿ, ಹೊರಡಿಸಿ, ನಿಲ್ಲಿಸಿ, ಹೊರಡಿಸಿ, ಕೆಲವು ವಾರ. ಹಾಗೆ ಮಾಡದೆ ರನ್‌ವೇಗೆ ಹೋದ್ರೆ ಒಂದೇ ದಿನಕ್ಕೆ ಸುಟ್ಟು ಕರಕಲು. ಅಷ್ಟು ತಾಳ್ಮೆ ಇದ್ಯಾ ನಿನಗೆ?"

"ಅದನ್ನೆಲ್ಲ ಅಕ್ಕ ಮಾಡ್ತಾಳೆ" ಎಂದ ತಮ್ಮ, ಹಾಲು ತರುವುದನ್ನು ಹೇಳಿದಷ್ಟು ಸಲೀಸಾಗಿ.

ಟೀ ಲೋಟ ಕೆಳಗಿಟ್ಟು ಅಕ್ಕ ಕೇಳಿದಳು: "ಪೆಡಲ್ ಗಟ್ಟಿ ಆಗುತ್ತಾ ಮೇಸ್ತ್ರಿ?"

"ಸ್ವಲ್ಪ ಆಗುತ್ತಕ್ಕಾ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ… ಸ್ವಲ್ಪ."

"ಅಭ್ಯಾಸ ಆಗುತ್ತೆ ಬಿಡಕ್ಕಾ" ಎಂದ ತಮ್ಮ.

ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ಒಮ್ಮೆ ಗಮನಿಸಿ ನೋಡಬೇಕು. ಅಭ್ಯಾಸ ಮಾಡಿಕೊಳ್ಳಬೇಕಾದವರ ಬಾಯಿಂದ ಅದು ಎಂದೂ ಬರುವುದಿಲ್ಲ. ಎತ್ತರದ ಮೆಟ್ಟಿಲು ಕಟ್ಟಿಸಿದವನು ಮುದುಕಿಗೆ ಹೇಳುತ್ತಾನೆ. ಗಾಳಿಯಿಲ್ಲದ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟವನು ಹೊಲಿಯುವವಳಿಗೆ ಹೇಳುತ್ತಾನೆ. ಆ ಶೆಡ್ಡಿನಲ್ಲಿ ಎಂಜಿನ್ನಿನ ಬಲ ಕೇಳಿದರು, ಟಯರಿನ ಜಾತಿ ಕೇಳಿದರು, ಕಾರಿನ ತೂಕ ಕೇಳಿದರು, ಟೀಗೆ ಸಕ್ಕರೆ ಎಷ್ಟು ಎಂದೂ ಕೇಳಿದರು. ಸೋಮವಾರದಿಂದ ಶನಿವಾರದವರೆಗೆ ಆ ಪೆಡಲನ್ನು ಒತ್ತುವ ಕಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಆ ಕಾಲು ಅಲ್ಲೇ, ಟಯರಿನ ಮೇಲೆ, ಚಪ್ಪಲಿ ಬಿಟ್ಟು ಚಾಚಿಕೊಂಡು ಕೂತಿತ್ತು.

ಅವಳು ಹೇಳಬಹುದಿತ್ತು. ಬಾಯಿವರೆಗೆ ಬಂದಿತ್ತು. ಹೇಳಿದರೆ ಮುಂದಿನ ಮಾತು ಏನು ಬರುತ್ತದೆ ಎಂದು ಗೊತ್ತಿದ್ದರಿಂದ ನುಂಗಿಕೊಂಡಳು.

ಹೊಸ ಕ್ಲಚ್ಚಿನ ಮೊದಲ ಸೋಮವಾರ ಗೇಟು ದಾಟುವಾಗಲೇ ಬೂದಿ ಕಪ್ಪೆಯಂತೆ ಹಾರಿ ನಿಂತಿತು. ಪೆಡಲು ನೆಲದವರೆಗೆ ಹೋಗಲು ಸೊಂಟದಿಂದಲೇ ಬಲ ಬರಬೇಕಿತ್ತು, ಮೇಲೆ ಬರುವಾಗ ಎಲ್ಲಿ ಹಿಡಿಯುತ್ತದೆಂದು ತಿಳಿಯುತ್ತಿರಲಿಲ್ಲ. ಹಿಡಿದರೆ ತಲೆ ಹಿಂದಕ್ಕೆ, ಬಿಟ್ಟರೆ ಎಂಜಿನ್ ಬಂದ್. ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ಕಾರು ನಿಂತೇಹೋಯಿತು. ಹಿಂದೆ ಹಾರ್ನುಗಳ ಸಾಲು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ:

"ಲೈಸೆನ್ಸ್ ಎಲ್ಲಿ ತಗೊಂಡ್ರಿ ಮೇಡಂ?"

"ನಿಮ್ಮಪ್ಪನಿಗೆ ಇಂಜೆಕ್ಷನ್ ಕೊಟ್ಟೆ, ಅವರು ಕೊಟ್ರು!" ಎಂದು ಕೂಗಿ ಚಾವಿ ತಿರುಗಿಸಿದಳು. ನಾಲಿಗೆಗೆ ಏನೂ ಆಗಿರಲಿಲ್ಲ. ಮಂಡಿ ಮಾತ್ರ ಬೆಂಕಿಯಾಗಿತ್ತು.

ಆ ದಿನದ ಕೊನೆಯ ಮನೆ ಡ್ರೈವರಜ್ಜನದು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮುದುಕ. ಎಡಗಾಲಿನ ಪಾದದ ಮೇಲೆ ಮಾಯದ ಹುಣ್ಣು, ಅದಕ್ಕೇ ವಾರಕ್ಕೆರಡು ಸಲ ಅವಳು ಹೋಗುವುದು. ಮೂರು ಮಹಡಿ, ಲಿಫ್ಟಿಲ್ಲ. ಮೆಟ್ಟಿಲ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು ಹತ್ತಿದಳು. ಅಜ್ಜ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಬೀದಿಗೆ ಬರುವ ಪ್ರತಿ ಗಾಡಿಯ ಸದ್ದಿಗೂ ಅಲ್ಲಿಂದಲೇ ತೀರ್ಪು ಕೊಡುವುದು ಅವನ ಈಗಿನ ಉದ್ಯೋಗ.

"ಯಾರಮ್ಮಾ ಆ ಕ್ಲಚ್ ಹಾಕಿದ್ದು? ಗಾಡಿ ನಿಲ್ಲಿಸೋವಾಗ ಬಿಕ್ಕಳಿಸ್ತಿತ್ತು."

"ನನ್ನ ತಮ್ಮ. ರೇಸಿಗೆ."

"ನೀನು ರೇಸಿಗೆ ಹೋಗ್ತೀಯಾ?"

"ಇಲ್ಲಜ್ಜ."

"ಮತ್ತೆ?"

ಅವಳು ಪಟ್ಟಿ ಬಿಚ್ಚತೊಡಗಿದಳು. ನೆಲದ ಮೇಲೆ ಕೂರಲಾಗದೆ ಸ್ಟೂಲು ಎಳೆದುಕೊಂಡದ್ದನ್ನು ಅಜ್ಜ ನೋಡಿದ.

"ನಮ್ಮ ಕಾಲದ ಬಸ್ಸಿನ ಪೆಡಲ್ ಇತ್ತಲ್ಲ, ಅದನ್ನ ಒತ್ತೋಕೆ ನಾನು ಸೀಟಿಂದ ಎದ್ದು ನಿಲ್ತಿದ್ದೆ. ಆಫೀಸಲ್ಲಿ ಹೇಳಿದ್ವಿ. ಅಭ್ಯಾಸ ಆಗುತ್ತೆ ಅಂದ್ರು. ಆಯ್ತು ನೋಡು, ಎಷ್ಟು ಚೆನ್ನಾಗಿ ಅಭ್ಯಾಸ ಆಗಿದೆ" ಎಂದು ಊದಿದ ಕಾಲನ್ನು ಸ್ವಲ್ಪ ಎತ್ತಿ ತೋರಿಸಿದ. "ಬಸ್ ತಗೊಂಡವರು ಯಾರೂ ಆ ಸೀಟಲ್ಲಿ ಒಂದು ದಿನ ಕೂತವರಲ್ಲ. ರಿಟೈರ್ ಆಗೋವಾಗ ಹಾರ ಹಾಕಿದ್ರು. ಕತ್ತಿಗೆ. ಕಾಲನ್ನ ಯಾರೂ ನೋಡ್ಲಿಲ್ಲ."

"ಅಲ್ಲಾಡ್ಬೇಡಿ ಅಜ್ಜ."

"ನಾನು ಅಲ್ಲಾಡ್ತಿಲ್ಲ. ನಿನ್ನ ಸ್ಟೂಲು ಅಲ್ಲಾಡ್ತಿದೆ."

ನಿಲ್ಲಿಸಿ ಹೊರಡಿಸಿ, ನಿಲ್ಲಿಸಿ ಹೊರಡಿಸಿ ವಾರಗಳು ಕಳೆದವು. ಲೋಹದ ಬಿಲ್ಲೆ ಪಳಗುತ್ತ ಹೋಯಿತು, ಮಂಡಿ ಸವೆಯುತ್ತ ಹೋಯಿತು. ರೇಸಿನ ಹಿಂದಿನ ದಿನ ಸಂಜೆ ತಮ್ಮ ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಕಾಲು ಚಾಚಿ, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಬಟಾಣಿ ಪೊಟ್ಟಣವನ್ನು ಊದಿದ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಮುಚ್ಚಿಡಲು ಹೊತ್ತಾಗಲಿಲ್ಲ.

"ಏನಕ್ಕಾ ಇದು?"

"ಬಟಾಣಿ."

"ತಮಾಷೆ ಬೇಡ. ಎಷ್ಟು ದಿನದಿಂದ?"

"ನಿನ್ನ ಹೂವಿನ ಕ್ಲಚ್ಚು ಬಂದ ದಿನದಿಂದ."

ಅವನು ಎದುರಿಗೆ ಕುಕ್ಕರಿಸಿದ. ಕೆಟ್ಟವನಲ್ಲ. ಅಕ್ಕನಿಗೆ ಮಂಡಿ ಒಡೆದಾಗ ಸ್ನಾನದ ಕೋಣೆಯವರೆಗೆ ಎತ್ತಿಕೊಂಡು ಹೋದವನು ಅವನೇ. ಕಣ್ಣಲ್ಲಿ ನೀರೂ ಬಂತು. ನೀರು ಬಂದ ಕಣ್ಣಿಗೂ ಎದುರಿಗಿರುವುದು ಪೂರ್ತಿ ಕಾಣುವುದಿಲ್ಲ, ಅದೇ ಕಷ್ಟ.

"ಸರಿ. ಇನ್ಮೇಲೆ ಬೆಳಗ್ಗೆ ನಾನೇ ನಿನ್ನ ಬಿಟ್ಟು ಬರ್ತೀನಿ. ಸಂಜೆ ಕರ್ಕೊಂಡು ಬರ್ತೀನಿ."

"ಮಧ್ಯೆ?"

"ಮಧ್ಯೆ… ಬಸ್ಸಿದೆಯಲ್ಲ."

"ಪೆಟ್ಟಿಗೆ, ತಕ್ಕಡಿ ಹೊತ್ಕೊಂಡು ಬಸ್ಸಲ್ಲಿ. ನಾನೇನು ಪಾರ್ಸಲ್ಲೇನೋ, ಬಿಟ್ಟು ಬಂದು ಎತ್ಕೊಂಡು ಬರೋಕೆ?"

"ಹಾಗಾದ್ರೆ ಆ ಮೇಡಂ ಹೇಳ್ತಿದ್ದಾರಲ್ಲ ಕೌಂಟರ್ ಕೆಲಸ, ಅದನ್ನ ಒಪ್ಕೊಂಡುಬಿಡು. ಎಷ್ಟು ವರ್ಷ ಹೀಗೆ ಮೆಟ್ಟಿಲು ಹತ್ತಿ ಇಳೀತೀಯ? ಆರಾಮಾಗಿ…"

ಅಕ್ಕ ಬಟಾಣಿ ಪೊಟ್ಟಣ ತೆಗೆದು ಫ್ರಿಜ್ಜಿನಲ್ಲಿಟ್ಟಳು. ಬಾಗಿಲು ಮುಚ್ಚಿದ ಸದ್ದಿಗೆ ಮೇಲಿದ್ದ ಡಬ್ಬಗಳು ಅಲುಗಿದವು.

"ನಾಳೆ ನಾನೂ ಬರ್ತೀನಿ ರನ್‌ವೇಗೆ" ಎಂದಳು. "ನನ್ನ ಮಂಡಿ ತಿಂದು ಅದು ಎಷ್ಟು ಚೆನ್ನಾಗಿ ಓಡುತ್ತೆ, ನೋಡ್ಬೇಕಲ್ಲ."

ಭಾನುವಾರದ ಬಿಸಿಲಿಗೆ ರನ್‌ವೇಯ ಡಾಂಬರು ಮಿರುಗುತ್ತಿತ್ತು. ಭಾರ ಇಳಿಸಲೆಂದು ಅಕ್ಕನ ಪೆಟ್ಟಿಗೆಯನ್ನೂ ತಕ್ಕಡಿಯನ್ನೂ ಬೇಲಿಯ ಪಕ್ಕ ಇಟ್ಟಿದ್ದರು. ಅವುಗಳ ಜೊತೆಗೆ ಅವಳೂ ಒಂದು ಮಡಿಸುವ ಕುರ್ಚಿಯಲ್ಲಿ ಕೂತಳು. ತಾನು ಮಾಡಿದ ಕೆಲಸ ಹೇಗೆ ಓಡುತ್ತದೆಂದು ನೋಡಲು ಕ್ಲಚ್ ಮೇಸ್ತ್ರಿಯೂ ಬಂದಿದ್ದ.

"ಗಾಳಿ! ಗಾಳಿ!" ಎಂದು ಹುಡುಗರು ಕೂಗಿದರು. ಹಸಿರು ಬಿತ್ತು. ತಮ್ಮ ಪಟ್ಟಂತ ಕ್ಲಚ್ ಬಿಟ್ಟ. ಲೋಹದ ಬಿಲ್ಲೆ ಮೇಸ್ತ್ರಿ ಹೇಳಿದಂತೆಯೇ ಕಚ್ಚಿತು, ಒಂದಿಷ್ಟೂ ಜಾರಲಿಲ್ಲ. ಜಾರಿದ್ದು ಟಯರು. ಬೂದಿ ಇದ್ದಲ್ಲೇ ಚಕ್ರ ತಿರುಗಿಸುತ್ತ, ಹೊಗೆ ಕಾರುತ್ತ, ಮೂತಿ ಅತ್ತಿತ್ತ ಒಲೆಯುತ್ತ ನಿಂತಿದ್ದಾಗ ಪಕ್ಕದ ಕಾರು ಹೋಗಿಯೇಬಿಟ್ಟಿತ್ತು. ಹೊಗೆಗೆ ಚಪ್ಪಾಳೆ ಬಿತ್ತು. ಇನ್ನೊಂದು ಸಲ ಓಡಿಸಿದ, ಮತ್ತೆ ಅದೇ. ಹಳೇ ಕ್ಲಚ್ಚಿನಲ್ಲಿ ಓಡಿದ್ದಕ್ಕಿಂತ ಬೂದಿ ಹಿಂದೆ ಬಿದ್ದಿತ್ತು.

ಹೆಲ್ಮೆಟ್ ತೆಗೆದು ಬಂದವನ ಮುಖ ನೋಡಲಾಗದೆ ಮೇಸ್ತ್ರಿ ಟಯರು ಮುಟ್ಟಿ ನೋಡಿದ. "ಎಲ್ಲೋ ಒಂದು ಕಡೆ ಜಾರಲೇಬೇಕಪ್ಪ. ಕ್ಲಚ್ಚಲ್ಲಿ ಜಾರದಿದ್ರೆ ಟಯರಲ್ಲಿ ಜಾರುತ್ತೆ. ಟಯರೂ ಹಿಡ್ಕೊಂಡ್ರೆ ಆಕ್ಸಲ್ ಮುರಿಯುತ್ತೆ."

"ಆಕ್ಸಲ್ಲೂ ಗಟ್ಟಿ ಇದ್ರೆ?" ಬೇಲಿಯ ಕಡೆಯಿಂದ ಅಕ್ಕ ಕೇಳಿದಳು.

ಮೇಸ್ತ್ರಿ ನಕ್ಕ. "ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲಕ್ಕಾ."

"ನನಗೆ ಗೊತ್ತು" ಎಂದು ಎದ್ದಳು. ತಕ್ಕಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕುಂಟುತ್ತ ಬಂದು, ತಮ್ಮನ ಕೈಗೆ ಕೊಟ್ಟಳು. "ಕೂತ್ಕೋ. ಇದನ್ನ ಪೆಡಲ್ ಮೇಲೆ ಇಟ್ಟು, ಇದರ ಮೇಲೆ ಒತ್ತು. ಮುಳ್ಳು ನೋಡು."

"ಏನಕ್ಕಾ ಎಲ್ಲರೆದುರಿಗೆ…"

"ಒತ್ತೋ ಅಂದೆ."

ಒತ್ತಿದ. ತಕ್ಕಡಿ ಜಾರಿತು, ಎರಡು ಸಲ ಸರಿಮಾಡಿಕೊಂಡು ಮತ್ತೆ ಒತ್ತಿದ. ಮುಳ್ಳು ತಿರುಗಿ ನಿಂತಿತು. ಅಕ್ಕ ಬಗ್ಗಿ ನೋಡಿದಳು.

"ಈ ತೂಕ ಅಂದ್ರೆ ಸ್ಕೂಲಿಗೆ ಹೋಗೋ ಹುಡುಗಿ. ಒಂದನೇ ಕ್ಲಾಸು."

ಅಲ್ಲೇ ಬೂದಿಯದೇ ಮಾದರಿಯ ಇನ್ನೊಂದು ಕಾರಿತ್ತು, ಕಂಪನಿ ಕ್ಲಚ್ಚಿನದು. ಮೇಸ್ತ್ರಿಗೆ ಈಗ ಕುತೂಹಲ. ತಕ್ಕಡಿ ಒಯ್ದು ಅದರಲ್ಲಿ ತಾನೇ ಕೂತು ಒತ್ತಿದ. ಮುಳ್ಳು ಅರ್ಧಕ್ಕೇ ನಿಂತಿತು.

"ಇದು ವರ್ಷದ ಮಗು" ಎಂದಳು ಅಕ್ಕ. "ದಿನಾ ತೂಗ್ತೀನಿ, ನನಗೆ ಗೊತ್ತು. ವರ್ಷದ ಮಗುವನ್ನ ನಾನು ಎತ್ತಿ ಇಳಿಸ್ತೀನಿ, ತೊಂದರೆ ಇಲ್ಲ. ನೀವಿಬ್ರೂ ಸೇರಿ ಒಂದನೇ ಕ್ಲಾಸಿನ ಹುಡುಗಿಯನ್ನ ಕೊಟ್ರಿ. ಒಂದೊಂದು ಸಿಗ್ನಲ್ಲಲ್ಲೂ, ಒಂದೇ ಕಾಲಲ್ಲಿ, ಸ್ಕ್ರೂ ಹಾಕಿದ ಕಾಲಲ್ಲಿ, ಅವಳನ್ನ ಎತ್ತಿ ಇಳಿಸು ಅಂದ್ರಿ. ಡಾಕ್ಟ್ರು ಮಳೆಗಾಲದಲ್ಲೇ ಹೇಳಿದ್ರು, ಇದಕ್ಕೆ ಭಾರ ಹೆಚ್ಚಿಸ್ಬೇಡಿ ಅಂತ."

ಕೂಗಾಡುತ್ತಿದ್ದ ಹುಡುಗರು ದೂರ ಸರಿದರು. ತಮ್ಮನ ಮುಖ ಕೆಂಪಾಯಿತು. ಮೊದಲು ಬಂದದ್ದು ಸಿಟ್ಟೇ.

"ಮಳೆಗಾಲದಲ್ಲೇ ಹೇಳಿದ್ರಾ? ನನಗೆ ಒಂದು ಮಾತು ಹೇಳಬಾರದಿತ್ತಾ? ಶೆಡ್ಡಲ್ಲಿ ಕೂತು ಟೀ ಕುಡಿದ್ಯಲ್ಲ!"

"ಹೇಳಿದ್ರೆ ನೀನು ಕ್ಲಚ್ ಬದಲಾಯಿಸ್ತಿರ್ಲಿಲ್ಲ ಕಣೋ. ನನ್ನನ್ನ ಬದಲಾಯಿಸ್ತಿದ್ದೆ. ನಿನ್ನೆ ಮಾಡ್ಲಿಲ್ವಾ? ಬಟಾಣಿ ನೋಡಿದ ತಕ್ಷಣ ಕೌಂಟರಿಗೆ ಕಳಿಸಿದೆ."

ಮೇಸ್ತ್ರಿ ಮರಳಿಸಿದ ತಕ್ಕಡಿ ತಮ್ಮನ ತೊಡೆಯ ಮೇಲಿತ್ತು. ಅದರ ಮುಳ್ಳು ಸೊನ್ನೆಗೆ ಬಂದಿತ್ತಾದರೂ ಅದನ್ನೇ ನೋಡುತ್ತಿದ್ದ.

ಮೇಸ್ತ್ರಿ ಕೈ ಒರೆಸಿಕೊಂಡ, ಆಗಲೇ ಒರೆಸಿದ್ದನ್ನು ಮತ್ತೆ ಒರೆಸಿಕೊಂಡ. "ಕಾಲು ಯಾರದು ಅಂತ ನಾನು ಕೇಳ್ಲಿಲ್ಲ" ಎಂದ. "ಎಲ್ಲಾ ಕೇಳಿದೆ. ಅದೊಂದು ಕೇಳ್ಲಿಲ್ಲ."

"ಈಗ ಕೇಳಿ."

ಮತ್ತೆ ಶೆಡ್ಡು, ಮತ್ತೆ ಅದೇ ಬೆಂಚು. ಈ ಸಲ ಟಯರಿನ ಮೇಲೆ ಕೂತವನು ತಮ್ಮ. ಮೇಸ್ತ್ರಿ ದುಂಡನೆಯ ಕಂದು ಪ್ಲೇಟನ್ನು ಅಕ್ಕನ ಕೈಗೆ ಕೊಟ್ಟ. "ಇದರ ಪ್ರೆಶರ್ ಪ್ಲೇಟು ಹಳೇದಕ್ಕಿಂತ ತುಸು ಬಿಗಿ. ಸ್ವಲ್ಪ ಅನ್ನಲ್ಲ, ಕೂರಿಸಿದ ಮೇಲೆ ತಕ್ಕಡಿ ಇಟ್ಟು ನೋಡೋಣ. ನಿಮಗೆ ಆಗ್ಲಿಲ್ಲ ಅಂದ್ರೆ ಬಿಚ್ಚಿ ಹಾಕ್ತೀನಿ." ಆಮೇಲೆ ತಮ್ಮನ ಕಡೆ ತಿರುಗಿದ. "ಇದು ನಿನ್ನ ಪವರ್ ತಡ್ಕೊಳ್ಳುತ್ತೆ. ನಿನ್ನ ಪಟ್ಟಂತ ತಡ್ಕೊಳ್ಳಲ್ಲ. ಹಸಿರು ಬಿದ್ದಾಗ ಕಣ್ಣು ಮಿಟುಕಿಸೋಷ್ಟು ಹೊತ್ತು ಜಾರೋಕೆ ಬಿಟ್ಟು ಆಮೇಲೆ ಪೂರ್ತಿ ಬಿಡ್ಬೇಕು. ರೋಡ್ ಟಯರಿಗೆ ಅದೇ ಸರಿ. ಅದನ್ನ ನಾನು ಮೊದಲೇ ಹೇಳ್ಬೇಕಿತ್ತು, ನಿನ್ನ ಕಣ್ಣು ಆ ಹೂವಿನ ಮೇಲೆ ನೆಟ್ಟಿತ್ತು, ನಾನೂ ಸುಮ್ಮನಾದೆ."

"ಪಳಗಿಸೋದು?" ಎಂದು ತಮ್ಮ ನೆಲ ನೋಡುತ್ತ ಕೇಳಿದ.

"ಮತ್ತೆ ಮೊದಲಿಂದ. ಈ ತಿಂಗಳು ರೇಸ್ ಮರೆತುಬಿಡು."

ಅವನು ಅಕ್ಕನನ್ನು ನೋಡಿದ. ಹಿಂದಿನ ಸಲ ಹಾಲು ತರುವಷ್ಟು ಸಲೀಸಾಗಿ ಹೇಳಿದ ಮಾತನ್ನು ಈಗ ಪ್ರಶ್ನೆಯಾಗಿ ಕೇಳಿದ. "ಅಕ್ಕಾ, ನಿನ್ನ ಕೈಲಿ ಆಗುತ್ತಾ?"

"ಮೊದಲು ತಕ್ಕಡಿ ನೋಡೋಣ" ಎಂದಳು. ಅಷ್ಟು ಸುಲಭವಾಗಿ ಕೊಡುವವಳಲ್ಲ.

ತಕ್ಕಡಿ ನೋಡಿದರು. ವರ್ಷದ ಮಗು ಸ್ವಲ್ಪ ಬೆಳೆದಿತ್ತು, ನಡೆಯಲು ಕಲಿತಿತ್ತು, ಅಷ್ಟೇ. ಸೀಟನ್ನು ತುಸು ಮುಂದೆ ತಂದು, ಬೆನ್ನಿಗೆ ದಿಂಬು ಇಟ್ಟು, ಮತ್ತೆ ಒತ್ತಿ ನೋಡಿದಳು. "ಆಗುತ್ತೆ" ಎಂದಳು.

ಇದರಿಂದ ಅವಳ ಮಂಡಿ ಹೊಸದಾಗಲಿಲ್ಲ. ಎರಡು ದಿನ ಊತ ಇಳಿಯುತ್ತದೆ, ಮೂರನೇ ದಿನ ಮೆಟ್ಟಿಲು ಹೆಚ್ಚಾದರೆ ಮತ್ತೆ ಬಟಾಣಿ. ಕ್ಲಿನಿಕ್ಕಿನ ಕೌಂಟರು ಅಲ್ಲೇ ಇದೆ, ಗಾಜು ಒರೆಸಿ ಕಾಯುತ್ತಿದೆ. ಒಂದು ದಿನ ಅವಳು ಅಲ್ಲಿಗೆ ಹೋಗಬೇಕಾಗಬಹುದು. ಆ ದಿನ ಯಾವುದು ಎಂದು ಅವಳ ಮಂಡಿ ಹೇಳಬೇಕೇ ಹೊರತು ಯಾರದೋ ಭಾನುವಾರವಲ್ಲ. ಅವಳು ಗೆದ್ದದ್ದು ಇಷ್ಟೇ, ಇದಕ್ಕಾಗಿ ಒಂದು ರನ್‌ವೇ ತುಂಬ ಜನರೆದುರು ಕುಂಟಬೇಕಾಯಿತು.

ತಮ್ಮ ಆ ತಿಂಗಳೆಲ್ಲ ಮುಖ ಊದಿಸಿಕೊಂಡೇ ಇದ್ದ. ಲೋಹದ ಹೂವನ್ನು ಮಾರಲು ಮನಸ್ಸಾಗದೆ ತನ್ನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಆದರೂ ಪ್ರತಿ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಹೇಗಿತ್ತು?" ಎನ್ನುತ್ತಿದ್ದ.

"ಕ್ಲಚ್ಚಾ, ಕಾಲಾ?"

"…ಎರಡೂ."

ಮುಂದಿನ ತಿಂಗಳ ಒಂದು ಶನಿವಾರ ಅವಳು ಚಾವಿ ಕೊಟ್ಟಳು. "ಪಳಗಿದೆ. ಸೋಮವಾರ ಬೆಳಗ್ಗೆ ನನಗೆ ಹೀಗೇ ಬೇಕು." ಭಾನುವಾರ ಸಂಜೆ ಅವನು ಮರಳಿದಾಗ ಬೂದಿ ಧೂಳಾಗಿತ್ತು, ಅವನೂ ಧೂಳಾಗಿದ್ದ. ಎರಡು ಓಟ ಗೆದ್ದು ಮೂರನೆಯದರಲ್ಲಿ ಸೋತಿದ್ದ. ಅದನ್ನು ಊಟ ಮುಗಿಯುವವರೆಗೂ ಹೇಳಿದ, ಕೈಯಲ್ಲಿ ಚಮಚ ಹಿಡಿದು ಕ್ಲಚ್ ಬಿಟ್ಟ ರೀತಿಯನ್ನೂ ತೋರಿಸಿದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ವಾಸನೆ ಬಂತಾ?"

"ಇಲ್ಲಕ್ಕಾ."

ಸೋಮವಾರ ನೀರಿನ ಟ್ಯಾಂಕಿನ ಏರಿನಲ್ಲಿ ಕಿಟಕಿ ಇಳಿಸಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಮೂಗೆಳೆದು ನೋಡಿದಳು. ಅವನು ಸುಳ್ಳು ಹೇಳಿರಲಿಲ್ಲ.

ಡ್ರೈವರಜ್ಜನ ಹುಣ್ಣು ಆ ಹೊತ್ತಿಗೆ ಅಂಚಿನಿಂದ ಒಳಕ್ಕೆ ಮಾಯುತ್ತ ಬಂದಿತ್ತು. ಕಂದು ಪ್ಲೇಟಿನ ಕ್ಲಚ್ಚಿನಲ್ಲಿ ಅವಳು ಮೊದಲ ಸಲ ಬಂದ ದಿನ ಅಜ್ಜ ಕಿಟಕಿಯಿಂದಲೇ, "ಬಿಕ್ಕಳಿಕೆ ನಿಂತಿತಲ್ಲ! ನನಗೂ ಒಂದು ಸಲ ಕೂರೋಕೆ ಕೊಡು" ಎಂದು ಹಟ ಹಿಡಿದಿದ್ದ. "ಗಾಯ ಮಾಗಲಿ, ಆಮೇಲೆ" ಎಂದು ಅವಳು ತಡೆದಿದ್ದಳು. ಮಾಗಿದ ದಿನ ಅವಳ ಭುಜ ಹಿಡಿದು ಅಜ್ಜ ಮೂರು ಮಹಡಿ ಇಳಿದ. ಇಬ್ಬರೂ ಎಡಗಾಲನ್ನೇ ಮುಂದಿಟ್ಟು ಇಳಿಯುವವರು. ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟರು.

ಸೀಟಿನಲ್ಲಿ ಕೂತ. ಚಾವಿ ಕೇಳಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು, ಪಟ್ಟಿ ಬಿಚ್ಚಿದ ಪಾದವನ್ನು ಪೆಡಲಿನ ಮೇಲಿಟ್ಟು ನಿಧಾನಕ್ಕೆ ನೆಲದವರೆಗೆ ಒತ್ತಿದ. ಸೀಟಿನಿಂದ ಏಳಬೇಕಾಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಿದ್ದ, ಮುಂದೆ ಯಾವುದೋ ಸಿಗ್ನಲ್ ಇದ್ದ ಹಾಗೆ.

"ಅಜ್ಜ, ನೋವಾಗ್ತಿದ್ಯಾ?"

"ಇರಮ್ಮ" ಎಂದ. "ಇನ್ನೂ ಹಸಿರು ಬಿದ್ದಿಲ್ಲ."